ಪಿತ್ತರಸವೂ ರಕ್ತವೂ ಬೆರೆಯದಿರುವುದೇಕೆ?

ಯಕೃತ್ತು ಪಿತ್ತರಸವನ್ನು ಉತ್ಪತ್ತಿಮಾಡುತ್ತದೆ, ಅದು ಕರುಳಿಗಿಳಿದು ಜಿಡ್ಡು ಜೀರ್ಣವಾಗಲು ಸಹಾಯವಾಗುತ್ತದೆ ಎಂದು ನಾವು ತರಗತಿಯಲ್ಲಿ ಹೇಳಿಕೊಟ್ಟುದು ನಮ್ಮ ಹಳೆಯ ವಿದ್ಯಾರ್ಥಿನಿಯರ ಜ್ಞಾಪಕದಲ್ಲಿರಬಹುದು. ಆ ಪಾಠದಲ್ಲಿ ಒಂದು ಪ್ರಶ್ನೆಯನ್ನು ನಾವು ಎತ್ತಲೇ ಇಲ್ಲ. ಒಂದೇ ಜೀವಕೋಶದ ಒಂದು ಮಗ್ಗುಲಲ್ಲಿ ರಕ್ತವೂ ಇನ್ನೊಂದು ಮಗ್ಗುಲಲ್ಲಿ ಪಿತ್ತರಸವೂ ಹರಿಯುತ್ತಿರಲಾಗಿ, ಇವೆರಡೂ ಒಂದರೊಡನೊಂದು ಬೆರೆಯದಿರಲು ಕಾರಣವೇನು?

ನೆರೆಹೊರೆಯ ಎರಡು ಯಕೃತ್ಕೋಶಗಳ ನಡುವೆ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಅಗಲವಾದ ಪಿತ್ತದ ಕಾಲುವೆಯೊಂದಿದೆ. ಅದರ ಎರಡು ಅಂಚುಗಳಲ್ಲಿಯೂ ಕೋಶಗಳ ಪೊರೆಗಳು ಹೊಲಿಗೆ ಹಾಕಿದಂತೆ ಕೂಡಿಕೊಂಡಿರುತ್ತವೆ. ಇದಕ್ಕೆ ಬಿಗಿಸಂಧಿಯೆಂದು ಹೆಸರಿಡಬಹುದು. ಆ ಹೊಲಿಗೆಯ ನೂಲುಗಳೇ ಪ್ರೋಟೀನುಗಳು. ಜಪಾನಿನ ಶೋಯಿಚಿರೋ ತ್ಸುಕಿಟಾ ಎಂಬವರೂ ಅವರ ಸಂಗಡಿಗರೂ 1993ರಲ್ಲಿ ಆಕ್ಲುಡಿನ್ ಎಂಬುದನ್ನೂ 1998ರಲ್ಲಿ ಕ್ಲಾಡಿನ್ ಎಂಬುದನ್ನೂ ಕಂಡುಹಿಡಿದರು; ಎರಡೂ ದೊರೆತುದು ಕೋಳಿಯ ಯಕೃತ್ತಿನಿಂದ ಬೇರ್ಪಡಿಸಿದ ಸಂಧಿಗಳಲ್ಲಿ. ಕೋಶದ ಒಳಗಿನಿಂದ ಇವನ್ನು ಹಿಡಿದಿರುವವು ಝಡ್‌ಓ ಎಂಬ ಪ್ರೋಟೀನುಗಳು.

ಈ ಹೊಲಿಗೆಯು ಸದಾ ಒಂದೇ ಬಿಗಿಯಲ್ಲಿರುವುದಿಲ್ಲ. ಕೈನೇಸ್ ಎಂಬ ಕಿಣ್ವಗಳು ಪ್ರೋಟೀನಿಗೆ ಫಾಸ್ಫೇಟನ್ನು ಸೇರಿಸುತ್ತವೆ. ಫಾಸ್ಫಟೇಸ್ ಎಂಬವು ಅದನ್ನು ಕಳಚುತ್ತವೆ. ಈ ಕ್ರಮವನ್ನು 1955ರಲ್ಲಿ ಸ್ನಾಯುವಿನಲ್ಲಿ ತೋರಿಸಿಕೊಟ್ಟ ಫಿಷರ್ ಮತ್ತು ಕ್ರೆಬ್ಸ್ ಎಂಬವರಿಗೆ 1992ರಲ್ಲಿ ನೋಬೆಲ್ ಬಹುಮಾನವಾಯಿತು. ಹಾಗಾದರೆ ಫಾಸ್ಫೇಟು ಸೇರಿದೊಡನೆ ಸಂಧಿಯು ಬಿಗಿಯುವುದೋ ಸಡಿಲುವುದೋ? ಅದು ಎಲ್ಲಿ ಸೇರಿತೆಂಬುದರ ಮೇಲೆ ಉತ್ತರವು ನಿಂತಿದೆ. ಕರುಳು, ಮೂತ್ರಪಿಂಡಗಳ ಕೋಶಗಳಲ್ಲಿ ಕಂಡುಬಂದುದೇನೆಂದರೆ, ಆಕ್ಲುಡಿನ್ನಿನ ಸೆರೀನ್, ಥ್ರಿಯೋನೀನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟು ಹೆಚ್ಚಾಗಿ ಸೇರಿದಾಗ ಅದು ಸಂಧಿಯಲ್ಲಿ ನೆಲೆಗೊಳ್ಳುತ್ತದೆ. ಟೈರೋಸೀನಿಗೆ ಸೇರಿದರೆ ಝಡ್‌ಓ ಪ್ರೋಟೀನಿನ ಹಿಡಿತ ತಪ್ಪುತ್ತದೆ. ಯಕೃತ್ತಿನಲ್ಲಿಯೋ, ಇಲಿಯ ಯಕೃತ್ಕೋಶಗಳಿಗೆ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನನ್ನು ಕೊಟ್ಟಾಗ ಪ್ರೋಟೀನ್ ಕೈನೇಸ್-ಸಿ ಎಂಬುದು ಚುರುಕಾಗಿ ಸಂಧಿಯು ಹೆಚ್ಚು ಸೋರುವುದನ್ನು ಶೋಧಕರು ಕಂಡರು. ಹೊಲಿಗೆಯನ್ನು ಬೇಕಾದಷ್ಟೇ ಸಡಿಲಿಸಿ ಮತ್ತೆ ಬಿಗಿಯುವ ಈ ಕೆಲಸವನ್ನು, ನಮ್ಮ ಹೊಲಿಗೆಯ ತರಗತಿಯಲ್ಲಿ ನೂಲು ಬಿಚ್ಚಿಸಿಕೊಂಡವರು ಮೆಚ್ಚದೆ ಇರಲಾರರು.

ನೂಲೇ ಇಲ್ಲವಾದರೆ ಬಿಗಿಯುವುದೇನನ್ನು? ಝಡ್‌ಓ-2 ಎಂಬ ಪ್ರೋಟೀನಿಲ್ಲದೆ ಹುಟ್ಟಿದ ಮಕ್ಕಳಲ್ಲಿ ಪಿತ್ತದ ಹರಿವು ಕುಂದಿ ಯಕೃತ್ತು ಕೆಡುವುದೆಂಬುದು 2014ರಲ್ಲಿ ಪ್ರಕಟವಾಯಿತು. ಇದು ಬಹು ವಿರಳವಾದ ವ್ಯಾಧಿ. ಆದರೆ ಪಿತ್ತವು ತಡೆಯಲ್ಪಡುವುದಕ್ಕೆ ಬೇರೆ ಕಾರಣಗಳೂ ಉಂಟು. ಆದಕಾರಣ ತಾಯ್ತಂದೆಯರಲ್ಲಿ ನಮ್ಮ ಅರಿಕೆಯೇನೆಂದರೆ, ಹಸುಗೂಸಿನ ಕಾಮಾಲೆಯು ಎರಡು ವಾರಗಳನ್ನು ಮೀರಿದರೆ, ಇಲ್ಲವೆ ಅದರ ಮಲವು ಸುಣ್ಣದಂತೆ ಬಿಳಿಚಿಕೊಂಡರೆ, ಮನೆಮದ್ದಿನಲ್ಲಿ ಕಾಲಕಳೆಯದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.