ಕಪ್ಪು ಶಕ್ತಿ ಮತ್ತು ಹಿಗ್ಗುವ ವಿಶ್ವ

ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ ಎಡ್ವಿನ್ ಹಬಲ್ 1929ರಲ್ಲೇ ಪುರಾವೆ ಕೊಟ್ಟಿದ್ದರು. ಗುರುತ್ವದ ಸೆಳೆತಕ್ಕೆ ಆ ವೇಗ ಕುಗ್ಗುತ್ತಿರಬೇಕೆಂಬುದು ವಿಜ್ಞಾನಿಗಳ ಎಣಿಕೆ. 1998ರಲ್ಲಿ ಅದು ತಲೆಕೆಳಗಾಯಿತು. ಟೈಪ್ 1ಎ ಸೂಪರ್‌ನೋವಾಗಳ (ಒಂದು ಬಗೆಯ ನಕ್ಷತ್ರ ಸ್ಫೋಟಗಳ) ನಿಜವಾದ ಪ್ರಕಾಶ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎಷ್ಟು ಮಂಕೋ ಅಷ್ಟು ದೂರ. ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿ ಕಂಡವು. ಅಂದರೆ ಹಿಗ್ಗುವಿಕೆ ಚುರುಕಾಗುತ್ತಿದೆ! ಇದಕ್ಕೆ ಕಾರಣವೆಂದು ಊಹಿಸಿದ್ದೇ ಡಾರ್ಕ್ ಎನರ್ಜಿ, ಅಂದರೆ ಕಪ್ಪು ಶಕ್ತಿ.

ವಿಶ್ವದಲ್ಲಿ ಇದರ ಪಾಲು ಸುಮಾರು 68%, ಕಪ್ಪು ದ್ರವ್ಯದ (ಡಾರ್ಕ್ ಮ್ಯಾಟರ್) ಪಾಲು 27%. ನಕ್ಷತ್ರ, ಗ್ರಹ, ನಾವು ನೀವೆಲ್ಲ ಸೇರಿ ಬರೀ 5%. ಕಪ್ಪು ದ್ರವ್ಯ ಎಳೆಯುತ್ತದೆ, ಕಪ್ಪು ಶಕ್ತಿ ದೂಡುತ್ತದೆ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ. ಹಿಗ್ಗುವಿಕೆ ಚುರುಕಾಗುತ್ತಿರುವುದನ್ನು ಕಂಡುಹಿಡಿದದ್ದಕ್ಕೆ 2011ರ ಭೌತವಿಜ್ಞಾನ ನೊಬೆಲ್ ಪಡೆದವರು: ಸಾಲ್ ಪರ್ಲ್‌ಮಟರ್, ಬ್ರಿಯಾನ್ ಶ್ಮಿಟ್, ಆಡಮ್ ರೀಸ್.

ಕಪ್ಪು ಶಕ್ತಿ, ಕಪ್ಪು ದ್ರವ್ಯಗಳ ಅಧ್ಯಯನಕ್ಕೆ 2023ರ ಜುಲೈ 1ರಂದು ಉಡಾಯಿಸಿದ ಯೂಕ್ಲಿಡ್ ದೂರದರ್ಶಕ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯದು; ಉತ್ತರದ ಆಯ್ಕೆಗಳಲ್ಲಿ ನಾಸಾ ಕಂಡರೆ ಗುರುತು ಹಾಕಬೇಡಿ.