ಇಂದಿನ ಧಮ್ಮ ಚಿಂತನೆ: ಪಾಲ್ಕಿಗುಂಡಿನ ಏರು



ವರ್ಷಾವಾಸ ಮುಗಿಯುವ ಕಾಲ. ಮಳೆ ಬಿಟ್ಟಿದೆ, ಹುಲ್ಲು ಇನ್ನೂ ಹಸಿರಿದೆ, ಬೆಳಗಿನ ಹೊತ್ತು ಬಂಡೆ ಕಾಲು ಸುಡುವುದಿಲ್ಲ. ಈ ಶರದೃತುವಿನಲ್ಲಿ ಒಂದು ದಿನ ಬೆಟ್ಟ ಹತ್ತುವುದಾದರೆ ಕೊಪ್ಪಳದ ಪಾಲ್ಕಿಗುಂಡು ಹತ್ತೋಣ. ಬಂಡೆಗಳ ಮೇಲೆ ದೊಡ್ಡ ಚಪ್ಪಡಿಯೊಂದು ಪಲ್ಲಕ್ಕಿಯ ಹಾಗೆ ಕೂತಿರುವುದರಿಂದ ಆ ಹೆಸರು. ಅದರ ನೆರಳಿನಲ್ಲಿ ಅಶೋಕನ ಶಾಸನವಿದೆ, ಬಹುಪಾಲು ಸವೆದಿದೆ. ಅದೇ ಪಾಠ ಹತ್ತಿರದ ಗವಿಮಠದ ಬೆಟ್ಟದಲ್ಲಿ ಚೆನ್ನಾಗಿ ಉಳಿದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು.

ಶಾಲೆಯಲ್ಲಿ ಇದು ಒಂದು ಅಂಕದ ಪ್ರಶ್ನೆ: ಅಶೋಕನ ಹೆಸರಿರುವ ಶಾಸನ ಯಾವುದು? ಮಸ್ಕಿ. ಮುಗಿಯಿತು. ಒಳಗೆ ಏನು ಬರೆದಿದೆ ಎಂದು ಯಾರೂ ಕೇಳುವುದಿಲ್ಲ.

ಒಳಗಿರುವುದು ಒಬ್ಬ ಉಪಾಸಕನ ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘದ ಬಳಿ ಹೋದ ಮೇಲೆ ವರ್ಷಕ್ಕೂ ಮೀರಿ ಬಹಳ ಶ್ರಮಿಸಿದೆ ಎನ್ನುತ್ತಾನೆ. ಚಕ್ರವರ್ತಿಯೊಬ್ಬ ಇದನ್ನು ಕಲ್ಲಿನ ಮೇಲೆ, ಹಾದಿಹೋಕರು ಓದಲೆಂದು ಬರೆಸಿದ್ದಾನೆ! ನಮ್ಮಲ್ಲಿ ದೀಕ್ಷೆಯ ದಿನ 22 ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಹೇಳಿ, ಮರುವರ್ಷದ ಅಶೋಕ ವಿಜಯದಶಮಿಯವರೆಗೆ ವಿಹಾರದ ಕಡೆ ತಲೆ ಹಾಕದವರು ಎಷ್ಟು ಮಂದಿ? ಅವರನ್ನು ಬೈದು ದೂರ ಮಾಡುವ ಮೊದಲು ಈ ಸಾಲುಗಳನ್ನು ಅವರಿಗೆ ಓದಿ ಹೇಳಬೇಕು.

ಮುಂದಿನ ಮಾತು ಇನ್ನೂ ದೊಡ್ಡದು. ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವನೂ ಶ್ರಮದಿಂದ ಪಡೆಯಬಲ್ಲ. ಶಾಸನದ ಪದ ‘ಪಕಮ’, ಅಂದರೆ ಪರಾಕ್ರಮ, ದುಡಿಮೆ. ಹತ್ತು ಪಾರಮಿತೆಗಳಲ್ಲಿ ನಾವು ವೀರ್ಯ ಎನ್ನುವುದೂ ಇದನ್ನೇ. ಆ ಫಲವನ್ನು ಶಾಸನ ಸ್ವರ್ಗ ಎಂದೇ ಕರೆಯುತ್ತದೆ, ಮುಚ್ಚಿಡುವುದು ಬೇಡ. ಬಾಬಾಸಾಹೇಬರಿಂದ ಧಮ್ಮ ಕಲಿತ ನಾವು ಮನುಷ್ಯ ಮನುಷ್ಯರ ನಡುವಿನ ಒಳ್ಳೆಯ ಬಾಳು ಎಂದು ಓದಿಕೊಳ್ಳುತ್ತೇವೆ. ಆದರೆ ‘ಸಣ್ಣವನು’ ಎಂಬ ಮಾತಿಗೆ ವ್ಯಾಖ್ಯಾನ ಬೇಡ. ಹುಟ್ಟಿನಿಂದಲೇ ಸಣ್ಣವರೆನಿಸಿಕೊಂಡವರ ಮಕ್ಕಳು ನಾವು. ಹುಟ್ಟನ್ನು ಕೇಳದೆ ದುಡಿಮೆಯನ್ನು ಮಾತ್ರ ಕೇಳಿದ ಬರಹ ನಮ್ಮದೇ ನಾಡಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಂದ ಇದೆ.

ಹೋಗುವವರು ಬೆಳಿಗ್ಗೆ ಆರಕ್ಕೇ ಹೊರಡಿ. ಬುತ್ತಿ, ನೀರು ಇರಲಿ. ಶಾಸನದ ಕನ್ನಡ ಪಾಠ ಕೈಯಲ್ಲಿರಲಿ, ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಬೇಡಿ. ಮೊಣಕಾಲು ನೋವಿನ ತಾಯಂದಿರನ್ನು ಮುಂದೆ ನಡೆಯಲು ಬಿಟ್ಟು, ಹುಡುಗರು ಅವರ ಹಿಂದೆ ಅವರದೇ ವೇಗದಲ್ಲಿ ಹತ್ತಲಿ.

ಜೈ ಭೀಮ್.