ಸಂತೆಯ ಉಳಿಕೆ ಕೋಳಿಗೆ ಎಷ್ಟು?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂತೆ ಮುಗಿದ ಮೇಲೆ ನೆಲದಲ್ಲಿ ಉಳಿಯುವ ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು, ಒಡೆದ ಟೊಮೆಟೊ ಕಂಡರೆ ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದವರ ಕೈ ಸುಮ್ಮನಿರುವುದಿಲ್ಲ. ಸುಮ್ಮನಿರಬೇಕಾಗಿಯೂ ಇಲ್ಲ. ದೇಶದಲ್ಲಿ ಹಣ್ಣು ತರಕಾರಿಯ ಕೊಯ್ಲೋತ್ತರ ನಷ್ಟ, ಬೆಳೆಗೆ ತಕ್ಕಂತೆ, ಶೇ. 4.58ರಿಂದ 15.88ರಷ್ಟಿದೆ ಎಂದು ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ಸಂಶೋಧನಾ ಸಂಸ್ಥೆ 2015ರಲ್ಲೇ ಲೆಕ್ಕ ಕೊಟ್ಟಿತ್ತು. ಆದರೆ ಕೋಳಿ ಸಾಕಿ ನಾನು ಕಲಿತದ್ದು ಇಷ್ಟು: ಈ ಉಳಿಕೆ ಕೋಳಿಗೆ ಪಲ್ಯವಾದೀತು, ಮುದ್ದೆಯಾಗದು.

ಮೊಟ್ಟೆ ತಳಿಯ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಪ್ರೋಟೀನ್ ಶೇ. 16ರಿಂದ 18 ಇರಬೇಕು, ಅಂದರೆ ಹದಿನೆಂಟು ಗ್ರಾಂ ಆಸುಪಾಸು. ಎಲೆಕೋಸಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೀರಿ ನೀರು. ನೂರು ಗ್ರಾಂ ತಿಂದರೂ ಸಿಗುವ ಪ್ರೋಟೀನ್ ಒಂದೂವರೆ ಗ್ರಾಮಿನ ಒಳಗೆ. ಕೋಸಿನಿಂದಲೇ ಕೋಳಿ ಬದುಕಬೇಕಾದರೆ ದಿನಕ್ಕೆ ಒಂದು ಕಿಲೋಗೂ ಹೆಚ್ಚು ನುಂಗಬೇಕು. ಆಗುವ ಮಾತಲ್ಲ. ಸೊಪ್ಪಿನಿಂದ ಹೊಟ್ಟೆ ತುಂಬಿಸಿಕೊಂಡ ಕೋಳಿ ಕಾಳು ಬಿಡುತ್ತದೆ, ಹಿಕ್ಕೆ ನೀರಾಗುತ್ತದೆ, ಮೊಟ್ಟೆ ಇಳಿಯುತ್ತದೆ. ಹಾಗಾಗಿ ಮೊದಲು ರಾಗಿ, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಸೊಪ್ಪು ಆಮೇಲೆ. ಕೋಸನ್ನು ನೆಲಕ್ಕೆ ಎಸೆಯದೆ ಕೋಳಿಯ ಕೊಕ್ಕಿನ ಎತ್ತರಕ್ಕೆ ದಾರದಲ್ಲಿ ತೂಗುಹಾಕಿದರೆ ಹಿಕ್ಕೆ ಮೆತ್ತಿಕೊಳ್ಳುವುದಿಲ್ಲ, ಗೂಡಿನೊಳಗೆ ಒಂದರ ಪುಕ್ಕ ಒಂದು ಕೀಳುವುದೂ ತಗ್ಗುತ್ತದೆ. ಹಸಿರು ತಿಂದ ಕೋಳಿಯ ಮೊಟ್ಟೆಯ ಹಳದಿ ಗಾಢವಾಗುವುದಂತೂ ಕಣ್ಣಿಗೇ ಕಾಣುತ್ತದೆ.

ಹಿಂದಿನವರ ಕೋಳಿ ತಿಪ್ಪೆ ಕೆದಕಿಯೇ ಬದುಕಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಬದುಕಿತು, ನಿಜ. ಆದರೆ ಅದು ಹೆಕ್ಕಿದ್ದು ಕೊಳೆತ ಸೊಪ್ಪನ್ನಲ್ಲ. ಹುಳ, ಗೆದ್ದಲು, ಕಣದಲ್ಲಿ ಚೆಲ್ಲಿದ ಕಾಳನ್ನು. ಕಾಂಪೌಂಡು ಕಟ್ಟಿ, ನೆಲಕ್ಕೆ ಸಿಮೆಂಟು ಬಳಿದು, ಕೋಳಿಯನ್ನು ಗೂಡಿಗೆ ಹಾಕಿದ ಮೇಲೆ ಆ ಮಾತು ನಡೆಯದು. ಪ್ರೋಟೀನ್ ನಾವೇ ಕೊಡಬೇಕು.

ಎರಡನೆಯ ತಕರಾರು ವಿಷದ್ದು. ಇದು ಗಟ್ಟಿ ತಕರಾರೇ. ನಮ್ಮ ಜಿಲ್ಲೆಯಲ್ಲಿ ಮಳೆಗೆ ಸಿಕ್ಕಿ, ದರ ಬಿದ್ದು ರಾಶಿಗಟ್ಟಲೆ ಬೀದಿಗೆ ಬೀಳುವುದು ಈರುಳ್ಳಿ; ಕೋಳಿಗೆ ಕೊಡಬಾರದ್ದೂ ಅದೇ. ಅದರ ಗಂಧಕದ ಅಂಶ ರಕ್ತದ ಕೆಂಪುಕಣ ಒಡೆಯುತ್ತದೆ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ಇನ್ನೂ ಕೆಟ್ಟದ್ದು: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯ ಬೂಷ್ಟಿನಿಂದ. ಆ ಬೂಷ್ಟು ಬಿಡುವ ವಿಷ, ಅಫ್ಲಾಟಾಕ್ಸಿನ್, ತೊಳೆದರೂ ಬೇಯಿಸಿದರೂ ಹೋಗದು. ಹೊಸದುರ್ಗ, ಹಿರಿಯೂರು ಕಡೆಯ ಬಿರುಕು ಬಿಟ್ಟ ದಾಳಿಂಬೆಯ ಬೀಜಕ್ಕೆ ಕೋಳಿ ಮುಗಿಬೀಳುತ್ತದೆ. ಆದರೆ ಗಿಡದ ಅಂಗಮಾರಿ ರೋಗಕ್ಕೆಂದು ಹೊಡೆದ ಆ್ಯಂಟಿಬಯೋಟಿಕ್, ಕೀಟನಾಶಕ ಎಷ್ಟು ದಿನದ ಹಿಂದಿನವು ಎಂದು ತೋಟದವರನ್ನು ಕೇಳದೆ ತರಬಾರದು. ಕೋಸಿನಲ್ಲೂ ಔಷಧಿ ಹೆಚ್ಚು ಕೂರುವುದು ನಾವು ಹೆಕ್ಕುವ ಹೊರ ಎಲೆಯ ಮೇಲೇ. ಮೇಲಿನ ಒಂದೆರಡು ಎಲೆ ತೆಗೆದು, ಉಳಿದದ್ದನ್ನು ತೊಳೆದು ಹಾಕಬೇಕು. ತೊಳೆದರೆ ಎಲ್ಲವೂ ಹೋಗುತ್ತದೆಂದಲ್ಲ, ಕಡಿಮೆಯಾಗುತ್ತದೆ.

ಹೀಗೆ ಆರಿಸುತ್ತ ಹೋದರೆ ಚೀಲದ ಅರ್ಧವೂ ಉಳಿಯುವುದಿಲ್ಲ, ಅಷ್ಟಕ್ಕೆ ಇಷ್ಟು ಶ್ರಮವೇ ಎನ್ನಬಹುದು. ಮೇವಿನ ಖರ್ಚು ಉಳಿಸಲೆಂದೇ ಹೊರಟವರಿಗೆ ನಿಜಕ್ಕೂ ಲಾಭವಿಲ್ಲ. ನಾಲ್ಕೈದು ಕೋಳಿಯವರಿಗೆ ಆ ಅರ್ಧ ಚೀಲವೇ ಸಾಕು. ಅದನ್ನೂ ರಾಶಿಯಿಂದ ಹೆಕ್ಕಬೇಡಿ; ಅಂಗಡಿ ಎತ್ತುವ ಹೊತ್ತಿಗೆ ಹೋಗಿ, ನೆಲಕ್ಕೆ ಬೀಳುವ ಮೊದಲೇ ವ್ಯಾಪಾರಿಗಳಿಂದ ಕೇಳಿ ಪಡೆಯಿರಿ.